ಬೀಳಲು ಬಾರದವನ ರ‍್ಯಾಪ್

ಟಿವಿ ಕುಸ್ತಿಯ ಅಂಡರ್‌ಟೇಕರ್‌ಗೆ ಏಳು ಜೀವ ಎಂಬುದನ್ನು ನಂಬದ ಹುಡುಗ 2000ದ ಆಸುಪಾಸಿನಲ್ಲಿ ನಮ್ಮ ಗಂಗಾವತಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಶವಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದಾಗ ಒಂದು ಜೀವ ಹೋಯಿತು, ಮಣ್ಣಲ್ಲಿ ಹೂತಾಗ ಇನ್ನೊಂದು ಹೋಯಿತು, ಬಾಕಿ ಎಷ್ಟು ಉಳಿದವು ಎಂಬ ಲೆಕ್ಕದಲ್ಲಿ ನಾವು ಎಂದೂ ತಪ್ಪುತ್ತಿರಲಿಲ್ಲ. ಮಗ್ಗಿ ಮಾತ್ರ ಹದಿಮೂರಕ್ಕೇ ಮುಗ್ಗರಿಸುತ್ತಿತ್ತು. ಕೇಬಲ್ ಇದ್ದ ಮನೆಯ ಕಿಟಕಿಗೆ ಇಡೀ ಓಣಿಯ ಹುಡುಗರು ಜೋತುಬೀಳುತ್ತಿದ್ದೆವು. ಟಿವಿ ಇಲ್ಲದ ಹೊತ್ತಿನಲ್ಲಿ ಅದೇ ಪೈಲ್ವಾನರ ಟ್ರಂಪ್ ಕಾರ್ಡು. ಎತ್ತರ, ತೂಕ, ಎದೆಯ ಅಳತೆ, ಗೆದ್ದ ಕುಸ್ತಿ ಎಲ್ಲವೂ ಅದರ ಮೇಲೆ ಅಚ್ಚಾಗಿರುತ್ತಿದ್ದವು. ತೂಕ ಕೇಳಿದರೆ ಯೊಕೊಝುನಾನ ಮುಂದೆ ಯಾರ ಕಾರ್ಡೂ ನಿಲ್ಲುತ್ತಿರಲಿಲ್ಲ. ಅವನು ಜಪಾನಿನ ಸುಮೊ ಪೈಲ್ವಾನ ಎಂದೇ ನಂಬಿದ್ದೆವು. ಸಮೋವಾ ಮೂಲದ ಅಮೆರಿಕದವನು ಎಂದು ತಿಳಿದದ್ದು ಮೀಸೆ ಬಂದ ಮೇಲೆ.

1996ರ ‘ಖಿಲಾಡಿಯೋಂ ಕಾ ಖಿಲಾಡಿ’ ಕೇಬಲ್‌ನಲ್ಲಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಾರ್ಟಿ ಆಗುತ್ತಿದ್ದವು. ಅಕ್ಷಯ್ ಕುಮಾರ್ ಅಂಡರ್‌ಟೇಕರ್‌ನನ್ನು ಎತ್ತಿ ಒಗೆದದ್ದು ಖರೇ ಎನ್ನುವವರು ಒಂದು ಕಡೆ, ಅಂಡರ್‌ಟೇಕರ್ ಬೇಕಂತಲೇ ಬಿಟ್ಟುಕೊಟ್ಟ ಎನ್ನುವವರು ಇನ್ನೊಂದು ಕಡೆ. ಎರಡೂ ಪಾರ್ಟಿ ಸೋತವು. ಆ ಸಿನಿಮಾದಲ್ಲಿದ್ದವನು ಅಂಡರ್‌ಟೇಕರ್ ಅಲ್ಲವೇ ಅಲ್ಲ, ಬ್ರಯಾನ್ ಲೀ ಎಂಬ ಬೇರೆ ಪೈಲ್ವಾನ. ಅದೇ ಬ್ರಯಾನ್ ಲೀ 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ನಕಲಿ ಅಂಡರ್‌ಟೇಕರ್ ಆಗಿ ಅಸಲಿಯವನ ಎದುರು ಇಳಿದಿದ್ದ. ಒಂದೇ ವೇಷ, ಒಂದೇ ನಡಿಗೆ, ಯಾರು ಯಾರೆಂದು ಗೊತ್ತಾಗದ ಜಗಳ.

ನಮ್ಮ ನೆಲಕ್ಕೆ ಇದೇನೂ ಹೊಸದಲ್ಲ. ಆನೆಗುಂದಿಯ ಸುತ್ತಿನ ಈ ಬಂಡೆಗಳ ನಾಡನ್ನೇ ಜನ ಕಿಷ್ಕಿಂಧೆ ಎನ್ನುವುದು. ಇಲ್ಲಿಯೇ ವಾಲಿ–ಸುಗ್ರೀವರು ಮಲ್ಲಯುದ್ಧಕ್ಕೆ ನಿಂತದ್ದು, ಇಬ್ಬರೂ ಒಂದೇ ಥರ ಕಂಡು ರಾಮ ಬಾಣ ಬಿಡಲಾಗದೆ ನಿಂತದ್ದು, ಎರಡನೇ ಸಲ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಕಟ್ಟಿ ಕಳಿಸಿದ್ದು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದರೆ ಹನುಮಪ್ಪ. ಗರಡಿ ಮನೆಯ ಗೋಡೆಯ ಮೇಲೂ ಅವನೇ. ಕಾಮನ್‌ವೆಲ್ತ್ ಚಾಂಪಿಯನ್ ಆಗಿ, ಕಿಂಗ್‌ಕಾಂಗ್‌ನಂಥ ದೈತ್ಯನ ಜೊತೆ ಕಾದಾಡಿ ಹೆಸರು ಮಾಡಿದ ದಾರಾಸಿಂಗ್ 1987ರ ‘ರಾಮಾಯಣ’ ಧಾರಾವಾಹಿಯಲ್ಲಿ ಹನುಮನೇ ಆದರು. ಹೀಗೆ ಕುಸ್ತಿ, ಸಿನಿಮಾ, ದೇವರು ಮೂರೂ ನಮ್ಮ ತಲೆಯಲ್ಲಿ ಒಂದರೊಳಗೊಂದು ಕಲಸಿಹೋಗಿದ್ದವು.

ಈ ಕಲಸುಮೇಲೋಗರದಿಂದ ಸ್ವಲ್ಪ ಹೊರಗೆ ನಿಂತು ನೋಡುತ್ತಿದ್ದವರು ನನ್ನ ಸೋದರಮಾವ ಒಬ್ಬರೇ. ಯಲಬುರ್ಗಾ ತಾಲೂಕಿನ ಹಳ್ಳಿಯವರು. ವಯಸ್ಸಿನಲ್ಲಿ ಜಾತ್ರೆ ಜಾತ್ರೆ ತಿರುಗಿ ಕುಸ್ತಿ ಹಿಡಿದವರು. ಅವರ ಊರಿನ ಗರಡಿಯ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿಣ, ನಿಂಬೆರಸ ಹಾಕಿ ಹದ ಮಾಡುತ್ತಿದ್ದರು. ಮೈಗೆ ಗಾಯವಾದರೆ ಅದೇ ಮಣ್ಣು ಮದ್ದು. ಬೆಳಗಿನ ಜಾವ ದಂಡ, ಬಸ್ಕಿ, ಆಮೇಲೆ ಜೋರು, ಅಂದರೆ ತಾಲೀಮಿನ ಕುಸ್ತಿ. ಅವರ ಕಾನೂನು ಸೀದಾ ಇತ್ತು: ಬೆನ್ನು ಮಣ್ಣಿಗೆ ಹತ್ತಿತೋ ಚಿತ್, ಆಟ ಮುಗೀತು. ಸೋತವನು ಮಣ್ಣು ಝಾಡಿಸಿಕೊಂಡು ಎದ್ದು, ಗೆದ್ದವನ ಕೈ ಮುಟ್ಟಿ, ಧೋತರ ಉಟ್ಟು ಜನರ ನಡುವೆ ಕೂರುತ್ತಿದ್ದ. ಅಲ್ಲಿ ಭಾಷಣ ಇಲ್ಲ, ಬೈಗುಳ ಇಲ್ಲ, ಕುರ್ಚಿ ತೆಗೆದು ಬಡಿಯುವುದಂತೂ ಇಲ್ಲವೇ ಇಲ್ಲ.

ಮಾವ ಒಮ್ಮೆ ನಮ್ಮಲ್ಲಿಗೆ ಬಂದಾಗ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ನಡೆದಿತ್ತು. ಎಂಟು ಸಲ ಬೆನ್ನು ಹಚ್ಚಿದವನು ಒಂಬತ್ತನೇ ಸಲಕ್ಕೆ ಎದ್ದು ಬರುವುದನ್ನು ನೋಡಿ ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಹಗ್ಗದ ಮೇಲಿಂದ ಹಾರಿದವನಿಗಿಂತ ಕೆಳಗೆ ಬಿದ್ದವನನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. “ಅಳಿಯಾ, ಇವ ಬೀಳೋ ಮುಂದ ಗದ್ದ ಎದಿಗೆ ಹಚ್ಕೊಂಡಾನ ನೋಡು. ಕುತ್ತಿಗಿ ಉಳಿಸ್ಕೊಂಡ. ಬಡಿಯಾಕ ಬರೋರು ಓಣಿಗೆ ಹತ್ತು ಮಂದಿ ಸಿಗ್ತಾರ. ಹಿಂಗ ಬೀಳಾಕ ಬರಾಂವ ಸಿಗಂಗಿಲ್ಲ,” ಅಂದರು.

ಆ ಕಸುಬಿನಲ್ಲಿ ಹೊಸಬರಿಗೆ ಮೊದಲು ಕಲಿಸುವುದೇ ಬೀಳುವುದನ್ನು ಎಂದು ಬಹಳ ವರ್ಷಗಳ ನಂತರ ಓದಿದೆ. ಗದ್ದ ಒಳಕ್ಕೆ, ಬೆನ್ನು ಅಗಲಕ್ಕೆ, ಪೆಟ್ಟು ಇಡೀ ಮೈಗೆ ಹಂಚಿಹೋಗಬೇಕು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಸೋಲು. ಅವರ ಕಟ್ಟೆಯಲ್ಲಿ ಬೆನ್ನು ನೆಲಕ್ಕೆ ಹತ್ತಿಸುವುದೇ ವಿದ್ಯೆ. 1989ರಲ್ಲೇ ಡಬ್ಲ್ಯುಡಬ್ಲ್ಯುಎಫ್ ಕಂಪನಿ ನ್ಯೂಜೆರ್ಸಿಯ ಸೆನೆಟ್ ಮುಂದೆ, ನಮ್ಮದು ಪೈಪೋಟಿಯ ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತ್ತು. ಕ್ರೀಡಾ ಆಯೋಗದ ಕಟ್ಟಳೆ, ತೆರಿಗೆಗಳಿಂದ ತಪ್ಪಿಸಿಕೊಳ್ಳುವ ಲೆಕ್ಕಾಚಾರವೂ ಅದರಲ್ಲಿತ್ತು. ಗಂಗಾವತಿಗೆ ಆ ಸುದ್ದಿ ಮುಟ್ಟಲು ಹದಿನೈದು ವರ್ಷ ಹಿಡಿಯಿತು. ಮುಟ್ಟಿದ ಮೇಲೂ ನಾವು ನೋಡುವುದು ಬಿಡಲಿಲ್ಲ. ಬಿಡಬೇಕಾದ ಕಾರಣವೂ ಇರಲಿಲ್ಲ. ತೊಗಲುಗೊಂಬೆ ಆಡಿಸುವ, ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯ ಪರದೆ ಹಿಂದೆ ಮನುಷ್ಯರ ಕೈ ಇದೆ ಎಂದು ಗೊತ್ತಿದ್ದೂ ನಮ್ಮ ಅಜ್ಜ–ಅಜ್ಜಿಯರು ಸೀತೆಗಾಗಿ ಅತ್ತವರೇ. ಆಟ ಆಟವೆಂದು ಗೊತ್ತಿದ್ದು ನೋಡುವುದು ನಮ್ಮ ಜನರಿಗೆ ಯಾರೂ ಕಲಿಸಬೇಕಿಲ್ಲ.

ನನಗೆ ರ‍್ಯಾಪ್ ಹಚ್ಚಿದವನೂ ಒಬ್ಬ ಪೈಲ್ವಾನನೇ. ಪಾಂಡಾ ಗುರುತಿನ ವನ್ಯಜೀವಿ ಸಂಸ್ಥೆಯ ಜೊತೆಗಿನ ವ್ಯಾಜ್ಯದಲ್ಲಿ ಸೋತು ಡಬ್ಲ್ಯುಡಬ್ಲ್ಯುಎಫ್ ತನ್ನ ಹೆಸರನ್ನು ಡಬ್ಲ್ಯುಡಬ್ಲ್ಯುಇ ಎಂದು ಬದಲಿಸಿಕೊಂಡದ್ದು 2002ರಲ್ಲಿ. ಅದೇ ವರ್ಷ ಟೆನ್ ಸ್ಪೋರ್ಟ್ಸ್ ಚಾನೆಲ್ ಬಂತು, ಜಾನ್ ಸೀನಾ ಬಂದ. ಕೊರಳಲ್ಲಿ ಚೈನು, ತಲೆಗೆ ತಿರುಗಿಸಿದ ಟೊಪ್ಪಿಗೆ, ಕೈಯಲ್ಲಿ ಮೈಕು. ಕುಸ್ತಿಗೆ ಮೊದಲು ಎದುರಾಳಿಯನ್ನು ಪ್ರಾಸ ಹಾಕಿ ಬೈಯುತ್ತಿದ್ದ. 2005ರಲ್ಲಿ ‘ಯು ಕಾಂಟ್ ಸೀ ಮಿ’ ಎಂಬ ಆಲ್ಬಮ್ಮನ್ನೇ ತಂದ. ಇಂಗ್ಲಿಷ್ ಅರ್ಥವಾಗದಿದ್ದರೂ, ಬೈಗುಳಕ್ಕೆ ತಾಳ ಹಾಕಿದರೆ ಅದು ಹಾಡಾಗುತ್ತದೆ ಎಂಬುದು ಅರ್ಥವಾಯಿತು. ಡಿಗ್ರಿಗೆ ಬಂದಾಗ ಯಾರೋ ಎಮಿನೆಮ್ ನಟಿಸಿದ 2002ರ ‘8 ಮೈಲ್’ ಸಿನಿಮಾದ ಸಿಡಿ ಕೊಟ್ಟರು. ಅದರಿಂದ ನಾನು ಕಲಿತದ್ದು ತಲೆಗೆ ಹುಡ್ ಹಾಕಿಕೊಳ್ಳುವುದನ್ನು ಮಾತ್ರ.

ಅಷ್ಟರಲ್ಲಿ ಕನ್ನಡದಲ್ಲೂ ಗಾಳಿ ಎದ್ದಿತ್ತು. ಆಲ್ ಓಕೆ, ಚಂದನ್ ಶೆಟ್ಟಿ ಯೂಟ್ಯೂಬ್‌ನಲ್ಲಿ ಹೆಸರು ಮಾಡಿದರು. ಚಂದನ್ 2018ರಲ್ಲಿ ಬಿಗ್ ಬಾಸ್ ಗೆದ್ದ ಮೇಲಂತೂ ರ‍್ಯಾಪ್ ಎಂದರೇನೆಂದು ಅವ್ವಂದಿರಿಗೂ ತಿಳಿಯಿತು. 2019ರ ಫೆಬ್ರವರಿಯಲ್ಲಿ ‘ಗಲ್ಲಿ ಬಾಯ್’ ಬಂತು. ಮುಂಬೈನ ಡಿವೈನ್, ನೇಝಿ ಎಂಬ ಖರೇ ಹುಡುಗರ ಬದುಕಿನಿಂದ ಎಳೆ ತೆಗೆದ ಸಿನಿಮಾ. ಸಿನಿಮಾದ ಹುಡುಗನಿಗೆ ಧಾರಾವಿಯಿಂದ ಆಗುವುದಾದರೆ ಗಂಗಾವತಿಯಿಂದ ಯಾಕಾಗಬಾರದು ಎಂದು ನಾನೂ ನನ್ನ ಗೆಳೆಯರೂ ತೀರ್ಮಾನಿಸಿದೆವು. ತೀರ್ಮಾನದಲ್ಲಿ ತಪ್ಪಿರಲಿಲ್ಲ. ಆಮೇಲೆ ಮಾಡಿದ್ದೆಲ್ಲ ತಪ್ಪು.

ಮೊದಲಿಗೆ ತಾಳ. ‘ಟೈಪ್ ಬೀಟ್’ ಎಂದು ಹುಡುಕಿದರೆ ಯೂಟ್ಯೂಬ್‌ನಲ್ಲಿ ರಾಶಿ ರಾಶಿ ಸಿಗುತ್ತವೆ, ಹೆಸರಿನ ಜೊತೆ ‘ಫ್ರೀ’ ಎಂದೂ ಇರುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಲಾಭಕ್ಕಲ್ಲದ ಬಳಕೆಗೆ ಮಾತ್ರ ಎಂದಿರುತ್ತದೆ. ಹಾಡಿನಿಂದ ದುಡ್ಡು ಬರಬೇಕೆಂದರೆ ಅದನ್ನು ಲೀಸಿಗೆ ಕೊಳ್ಳಬೇಕು. ಸಾಮಾನ್ಯ ಲೀಸಿನಲ್ಲಿ ಅದೇ ಬೀಟು ಲೋಕದಲ್ಲಿ ಇನ್ನೂ ನೂರು ಜನಕ್ಕೆ ಹೋಗಿರುತ್ತದೆ. ನಮಗೊಬ್ಬರಿಗೇ ಬೇಕೆಂದರೆ ರೇಟು ಬೇರೆ. ನಾನು ಸಣ್ಣಕ್ಷರ ಓದುವ ಕುಳವಲ್ಲ. ಡೌನ್‌ಲೋಡ್ ಮಾಡಿದೆ. ಪುಕ್ಕಟೆ ಬೀಟಿನಲ್ಲಿ ಅದನ್ನು ಮಾಡಿದವರ ಗುರುತಿನ ದನಿ ಹುದುಗಿರುತ್ತದೆ. ನನ್ನದರಲ್ಲಿ ಒಬ್ಬ ಹೆಣ್ಣುಮಗಳು ಅರ್ಧ ನಿಮಿಷಕ್ಕೊಮ್ಮೆ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದಳು. ಎಷ್ಟು ಗುದ್ದಾಡಿದರೂ ಅವಳು ಹೋಗಲಿಲ್ಲ. ಕೊನೆಗೆ ಅದೂ ಒಂದು ಸ್ಟೈಲು ಎಂದು ಬಿಟ್ಟೆವು.

ಆಮೇಲೆ ಸಾಹಿತ್ಯ. ಬೆಂಗಳೂರಿನ ರಾತ್ರಿ, ಪಬ್ಬು, ಬೆನ್ನಿಗೆ ಇರಿದ ದೋಸ್ತರು, ನನ್ನನ್ನು ಕಂಡರೆ ಉರಿದು ಬೀಳುವ ವೈರಿಗಳು. ಪಬ್ಬಿನ ಬಾಗಿಲನ್ನು ನಾನು ಹೊರಗಿನಿಂದಲೂ ಸರಿಯಾಗಿ ನೋಡಿರಲಿಲ್ಲ. ವೈರಿಗಳು ಇರಬೇಕಾದರೆ ಮನುಷ್ಯ ಏನಾದರೂ ಸಾಧಿಸಿರಬೇಕು, ಆ ತೊಂದರೆಯೂ ನನಗಿರಲಿಲ್ಲ. ಮನೆಯಲ್ಲಿ “ಯಾಕ್ಲೇ ಹಂಗಂತಿ” ಎನ್ನುವ ಬಾಯಿ ಮೈಕಿನ ಮುಂದೆ “ಏನ್ ಗುರು” ಅನ್ನುತ್ತಿತ್ತು. ವಿಡಿಯೊಗೆ ರೈಸ್ ಮಿಲ್ ಮಾಲೀಕರ ಮಗನ ಕಾರು ಎರವಲು. ಕೊರಳಿಗೆ ಒನ್ ಗ್ರಾಂ ಗೋಲ್ಡಿನ ಚೈನು. ಸಾಣಾಪುರದ ಬಂಡೆಗಳ ಮೇಲೆ ಬಿಸಿಲಿಗೆ ನಿಂತು ಚಳಿಗಾಲದ ಜಾಕೆಟ್ ಹಾಕಿ ಕುಣಿದೆವು. ಡ್ರೋನಿನವರ ಬಾಡಿಗೆ, ಕ್ಯಾಮೆರಾದವರ ಬಾಡಿಗೆ, ಹುಡುಗರ ಊಟ ಎಲ್ಲ ಸೇರಿ ನಲವತ್ತು ಸಾವಿರ. ಆ ದುಡ್ಡು ಅವ್ವ ತನ್ನ ಸಂಘದಲ್ಲಿ ಸಾಲ ತೆಗೆದು ಕೊಟ್ಟದ್ದು. “ಒಂದ ತಿಂಗಳದಾಗ ವಾಪಸ್ ಬರ್ತೈತವ್ವ, ಯೂಟ್ಯೂಬ್ನವರು ಕೊಡ್ತಾರ,” ಎಂದಿದ್ದೆ.

ಯೂಟ್ಯೂಬ್‌ನಿಂದ ದುಡ್ಡು ಶುರುವಾಗಲು ಆಗ ಸಾವಿರ ಚಂದಾದಾರರು, ಒಂದು ವರ್ಷದೊಳಗೆ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಬೇಕಿತ್ತು. ಆ ನಿಯಮ ನಾನು ಓದಿದ್ದು ಹಾಡು ಬಿಟ್ಟ ಮೇಲೆ. ನಮ್ಮ ಹಾಡನ್ನು ನೋಡಿದವರು ನಾವೇ. ನಮ್ಮ ನಂತರ ನಮ್ಮ ಬೀಗರು. ಕೆಲವೇ ವಾರದಲ್ಲಿ ಹಾಡಿನ ಮೇಲೆ ಬೀಟಿನ ಹಕ್ಕುದಾರರ ಕ್ಲೇಮು ಬಂತು. ಇನ್ನು ಆ ಹಾಡು ಲೋಕವನ್ನೇ ಸುತ್ತಿ ಬಂದರೂ ನನಗೆ ಕವಡೆ ಕಾಸಿಲ್ಲ. ಆದರೆ ನನ್ನ ಸೋಲು ಅಲ್ಲಿಲ್ಲ. ಅಲ್ಲಿಯವರೆಗೆ ನಡೆದದ್ದು ಬರೀ ನಷ್ಟ.

ಸೋಲು ನಡೆದದ್ದು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಗಣೇಶೋತ್ಸವದಲ್ಲಿ. ಅಲ್ಲಿ ಮೊದಲು ಶಾಲೆ ಮಕ್ಕಳ ಡ್ಯಾನ್ಸು, ಆಮೇಲೆ ನಾನು, ನನ್ನ ನಂತರ ಡೊಳ್ಳಿನ ಪದ. ನನ್ನ ಹಾಡು ನನ್ನ ದನಿಯ ಸಮೇತ ಪೆನ್‌ಡ್ರೈವ್‌ನಲ್ಲಿತ್ತು. ಮೈಕು ಬಂದ್, ಬಾಯಿ ಆಡಿಸುವುದಷ್ಟೇ ಕೆಲಸ. ಕಪ್ಪು ಚಷ್ಮಾ ಹಾಕಿ ಏರಿದೆ. ಆ ಹೆಣ್ಣುಮಗಳ ಪಿಸುಮಾತು ಮೊದಲ ಸಲ ಬಂದಾಗ ಹೆಂಗಸರ ಸಾಲಿನಲ್ಲಿ ಯಾರೋ ಹಿಂದೆ ತಿರುಗಿ ನೋಡಿದರು. ಎರಡನೇ ಸಲ ಬಂದಾಗ, “ಯಾರದು, ಕಾಣವಲ್ಲಳಲ್ಲ?” ಎಂದು ಒಬ್ಬ ಅಜ್ಜಿ ಕೇಳಿದ್ದು ವೇದಿಕೆಗೇ ಕೇಳಿಸಿತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಪೆನ್‌ಡ್ರೈವ್ ಕೈಕೊಟ್ಟಿತು. ಸ್ಪೀಕರ್ ಸ್ತಬ್ಧ. ನಾನು ಮಾತ್ರ ಕಣ್ಣು ಮುಚ್ಚಿ, ಕೈ ಬೀಸಿ, ಬಾಯಿ ಆಡಿಸುತ್ತಲೇ ಇದ್ದೆ. ಮುಂದೆ ಕೂತ ಒಬ್ಬ ಹುಡುಗ ಕೂಗಿದ: “ಹಾಡು ನಿಂತೈತಲೋ ಅಣ್ಣಾ, ಬಾಯಿ ಯಾಕ ಆಡಸಾಕತ್ತೀದಿ?”

ಇಡೀ ಊರು ನಕ್ಕಿತು. ಕೆಟ್ಟ ನಗುವಲ್ಲ ಅದು. ಬಯಲಾಟದಲ್ಲಿ ರಾವಣನ ಕಿರೀಟ ಜಾರಿದಾಗ ನಗುತ್ತಾರಲ್ಲ, ಅಂಥದ್ದು. ಆಗ ನಾನೂ ಒಂದು ಸಲ ನಕ್ಕುಬಿಟ್ಟಿದ್ದರೆ ಉಳಿಯುತ್ತಿದ್ದೆ. ಮೈಕು ಆನ್ ಮಾಡಿಸಿ, ಬರೀ ಚಪ್ಪಾಳೆ ತಾಳಕ್ಕೆ ನಾಲ್ಕು ಸಾಲು ಹೇಳಿದ್ದರೂ ಆಗುತ್ತಿತ್ತು. ಮೈಕನ್ನು ಆನ್ ಮಾಡಿಸಿದ್ದು ಹೌದು, ಹೇಳಿದ್ದು ಬೇರೆ. “ನಿಮಗೆಲ್ಲ ರ‍್ಯಾಪ್ ಏನಂತ ಗೊತ್ತು? ಹಳ್ಳಿ ಗಮಾರರು,” ಅಂದೆ. ಬೆಂಗಳೂರು ಭಾಷೆಯಲ್ಲೇ ಅಂದೆ.

ನಗು ನಿಂತಿತು. ಯಾರೂ ಕಲ್ಲು ಎಸೆಯಲಿಲ್ಲ, ಬೈಯಲೂ ಇಲ್ಲ. ಕಮಿಟಿಯ ಹಿರಿಯರೊಬ್ಬರು ಮೆಟ್ಟಿಲ ಹತ್ತಿರ ಬಂದು ಮೆಲ್ಲಗೆ, “ಇಳಿ ತಮ್ಮಾ. ಹುಡುಗ್ರು ಖುಷೀಲೆ ನಗಾಕತ್ತಿದ್ರು. ಅದನ್ನೂ ಕೆಡಿಸಿದಿ,” ಅಂದರು. ಈ ಮಾತು ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ನಲವತ್ತು ಸಾವಿರ ತೀರಿಸಿದೆ, ಅದು ತೀರುವ ಬಾಬತ್ತು. ನನ್ನ ಅವ್ವನಂಥ ಅವ್ವಂದಿರು ಮಕ್ಕಳನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದ ಜಾಗದಲ್ಲಿ ಆಡಿದ ಆ ಮಾತು ಯಾವ ಕಂತಿಗೂ ತೀರುವುದಿಲ್ಲ.

ಪೆಂಡಾಲಿನ ಹಿಂದೆ ಸಾಮಾನು ಕಟ್ಟುತ್ತಿದ್ದಾಗ ಡೊಳ್ಳಿನವರು ಶುರು ಮಾಡಿದ್ದರು. ಎರಡು ಮೇಳ. ಒಂದು ಮೇಳ ಪುರಾಣದೊಳಗಿನ ಒಂದು ತೊಡಕನ್ನು ಪದದಲ್ಲಿ ಕೇಳಬೇಕು, ಇನ್ನೊಂದು ಪದದಲ್ಲೇ ಬಿಡಿಸಬೇಕು. ಮುಮ್ಮೇಳದ ಹಿರಿಯ ಹಾಡುಗಾರರು ನಡುವೆ ಸಾಲು ಮರೆತರು. ನನ್ನ ಕೈ ನಿಂತುಹೋಯಿತು, ಇವರಿಗೂ ನನ್ನ ಗತಿಯೇ ಆಗುತ್ತದೆ ಎಂಬ ಹೀನ ಸಂತೋಷವೂ ಆಯಿತು. ಅವರು ಡೊಳ್ಳು ನಿಲ್ಲಿಸಲು ಬಿಡಲಿಲ್ಲ. ಅದೇ ಧಾಟಿಯಲ್ಲಿ, ಮುದುಕನ ಹಲ್ಲಿನ ಜೋಡಿ ಸಾಲೂ ಉದುರಿತು, ಎದುರಿನ ಮೇಳದವರು ಒಂದು ಕೈಗಡ ಕೊಟ್ಟರೆ ಮುಂದಿನ ಜಾತ್ರೆಗೆ ಬಡ್ಡಿ ಸಮೇತ ಕೊಡುತ್ತೇನೆ ಎಂಬ ಅರ್ಥದ್ದನ್ನು ಅಲ್ಲಿಯೇ ಕಟ್ಟಿ ಹಾಡಿದರು. ಊರು ನಕ್ಕಿತು. ಎದುರಿನ ಮೇಳ ಖರೇನೇ ಸಾಲು ಎತ್ತಿಕೊಟ್ಟಿತು. ಆ ರಾತ್ರಿ ಜನ ಹೆಚ್ಚು ಶಿಳ್ಳೆ ಹೊಡೆದದ್ದು ಆ ಮರೆವಿಗೆ.

ರ‍್ಯಾಪಿಗೆ ತಾಯಿಯಾದ ಹಿಪ್‌ಹಾಪ್‌ಗೆ ಹುಟ್ಟಿದ ಹಬ್ಬವೂ ಇದೆ: 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಡಿಜೆ ಕೂಲ್ ಹರ್ಕ್‌ನ ಪಾರ್ಟಿ. ಇಬ್ಬರು ಎದುರುಬದುರು ನಿಂತು ಪ್ರಾಸದಲ್ಲಿ ಕಿತ್ತಾಡುವುದು ಅದರ ಬೆನ್ನಲ್ಲೇ ಬಂತು. ನಮ್ಮ ಕಡೆ ಹರದೇಶಿ–ನಾಗೇಶಿ ಗೀಗೀ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಹಾಡಿನಲ್ಲೇ ಜಗಳಾಡುತ್ತ ಬಂದಿವೆ. ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದಲ್ಲಿ ಸುತ್ತಿ ಒಡಪು ಹೇಳುತ್ತಾರೆ. ಇವೆಲ್ಲ ರ‍್ಯಾಪಿನ ತಾತ–ಮುತ್ತಾತ ಎಂದು ಎದೆ ತಟ್ಟಿಕೊಳ್ಳಲು ನಾನು ಹೇಳುತ್ತಿಲ್ಲ. ಬ್ರಾಂಕ್ಸ್‌ನವರು ನಮ್ಮನ್ನು ಕೇಳಿ ಹಾಡಿದವರಲ್ಲ. ಎದುರಿಗಿದ್ದವನನ್ನು ಹಳಿಯುವ ಯಾವ ಆಟದಲ್ಲೂ ತನ್ನನ್ನು ತಾನು ಹಳಿದುಕೊಳ್ಳಲು ಬರಬೇಕು ಎಂಬ ಕಟ್ಟಳೆ ಮಾತ್ರ ಎರಡೂ ಕಡೆ ಒಂದೇ. ಅದನ್ನು ಬಿಟ್ಟು ಬೇರೆಲ್ಲವನ್ನೂ ನಾನು ಕಲಿತಿದ್ದೆ.

ಊರಿಗೆ ಬಂದು ‘8 ಮೈಲ್’ ಮತ್ತೆ ಹಾಕಿ ನೋಡಿದೆ. ಕೊನೆಯ ಪೈಪೋಟಿಯಲ್ಲಿ ಎಮಿನೆಮ್‌ನ ಪಾತ್ರ ಎದುರಾಳಿಗಿಂತ ಮೊದಲು ಮೈಕು ಹಿಡಿಯುತ್ತದೆ. ತಾನು ಬಿಳಿಯ, ಬಡವ, ಅವ್ವನ ಜೊತೆ ಟ್ರೇಲರ್ ಮನೆಯಲ್ಲಿ ಇರುವವ, ಏಟು ತಿಂದವ, ಮೋಸ ಹೋದವ ಎಂದು ಒಂದೊಂದಾಗಿ ತನ್ನ ಮಾನ ತಾನೇ ಕಳೆದುಕೊಳ್ಳುತ್ತದೆ. ಎದುರಾಳಿಗೆ ಆಡಲು ಮಾತೇ ಉಳಿಯುವುದಿಲ್ಲ. ಕಾಲೇಜಿನಲ್ಲಿ ಈ ದೃಶ್ಯಕ್ಕೆ ಶಿಳ್ಳೆ ಹೊಡೆದಿದ್ದೆ. ಅವನು ಮೊದಲು ಬಿದ್ದು ಆಮೇಲೆ ಗೆದ್ದ ಎಂಬುದು ಆಗ ತಲೆಗೆ ಹತ್ತಿರಲಿಲ್ಲ.

ಕುಸ್ತಿಯ ಹಳೆಯ ವಿಡಿಯೊಗಳನ್ನೂ ಮತ್ತೆ ನೋಡತೊಡಗಿದೆ, ಈ ಸಲ ಮಾವನ ಕಣ್ಣಿನಿಂದ. 1998ರ ಜೂನ್ 28ರಂದು ಅಂಡರ್‌ಟೇಕರ್ ಮ್ಯಾನ್‌ಕೈಂಡ್ ಎಂಬ ಪೈಲ್ವಾನನನ್ನು ಪಂಜರದ ಮೇಲಿಂದ ತಳ್ಳಿದ. ಅಂದಾಜು 16 ಅಡಿ. ಕೆಳಗಿದ್ದ ಮೇಜು ಪುಡಿಪುಡಿ. ಆ ಕುಸ್ತಿ ಗೆದ್ದವನು ಅಂಡರ್‌ಟೇಕರ್. ಲೋಕ ಇಂದಿಗೂ ನೆನೆಸುವುದು ಮ್ಯಾನ್‌ಕೈಂಡ್ ಬಿದ್ದದ್ದನ್ನು. ನಿವೃತ್ತನಾಗುವವನು ಕೊನೆಯ ಕುಸ್ತಿಯಲ್ಲಿ ಸೋತು, ಹೊಸಬನ ಹೆಸರು ಬೆಳೆಸಿ ಹೋಗುವುದು ಆ ಕಸುಬಿನ ಹಳೆಯ ರಿವಾಜು. ಎಂದಿಗೂ ಕೈಚೆಲ್ಲಬೇಡಿ ಎನ್ನುವುದನ್ನೇ ತನ್ನ ಮಂತ್ರ ಮಾಡಿಕೊಂಡಿದ್ದ ಜಾನ್ ಸೀನಾ 2025ರ ಡಿಸೆಂಬರ್‌ನಲ್ಲಿ ತನ್ನ ಕೊನೆಯ ಪಂದ್ಯದಲ್ಲಿ ಗುಂಥರ್‌ಗೆ ಕೈ ಬಡಿದು ಸೋಲೊಪ್ಪಿಕೊಂಡ. ಅದನ್ನು ಕಂಡು ಕೆಲವು ಅಭಿಮಾನಿಗಳು ಸಿಟ್ಟಾದರು. ಮಾವ ಇದ್ದಿದ್ದರೆ ತಲೆದೂಗುತ್ತಿದ್ದರು.

ಹಳೆಯ ಕುಸ್ತಿಗಳನ್ನು ಹೀಗೆ ನೋಡುತ್ತಿದ್ದ ದಿನಗಳಲ್ಲೇ, 2024ರ ಜುಲೈನಲ್ಲಿ, ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’ ಎಂಬ ರ‍್ಯಾಪ್ ಹಾಡು ಕಿವಿಗೆ ಬಿತ್ತು. ಹನುಮಾನ್, ಮ್ಯಾನ್‌ಕೈಂಡ್ ಎರಡನ್ನೂ ಸೇರಿಸಿದ ಹೆಸರು ಕೇಳಿ, ಅಂಜನಾದ್ರಿಯ ಬುಡದಲ್ಲಿ ಟ್ರಂಪ್ ಕಾರ್ಡು ಆಡಿದ ನಮಗೆ ನಗು ತಡೆಯಲಿಲ್ಲ. ಅವನ ‘ಮ್ಯಾನ್‌ಕೈಂಡ್’ ಎಂದರೆ ಮನುಕುಲ, ಪೈಲ್ವಾನ ಅಲ್ಲ. ಕೇರಳ ಮೂಲದ ಹುಡುಗ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆ ಕಂಡವನು, ಹಾಡುವುದು ಇಂಗ್ಲಿಷಿನಲ್ಲಿ. ಹಾಗಾಗಿ ನೆಲದ ಭಾಷೆಯಲ್ಲೇ ಹಾಡಿದರೆ ಉದ್ಧಾರ ಎಂಬ ಸಸ್ತಾ ಪಾಠ ಇಲ್ಲಿ ನಡೆಯುವುದಿಲ್ಲ. ಅವನ ಇಂಗ್ಲಿಷು ಅವನು ಬೆಳೆದ ಓಣಿಯದು. ವಿಡಿಯೊದಲ್ಲಿ ಎರವಲು ಕಾರಿನ ಮುಂದೆ ಪೋಸು ಕೊಡುವ ಬದಲು ಪೊನ್ನಾನಿಯ ಮರಣಬಾವಿಯೊಳಗೆ ನಿಂತ. ಜಾತ್ರೆಗಳಲ್ಲಿ ಬೈಕು ಗೋಡೆ ಹತ್ತುವುದನ್ನು ಬಾಯಿ ತೆರೆದು ನೋಡುತ್ತಿದ್ದೆವಲ್ಲ, ಅದೇ. ಸುತ್ತ ಗಾಡಿ ಓಡಿಸಿದವರು ಅದೇ ಕಸುಬಿನ ಮಂದಿ, ಬೀಳುವ ಅಪಾಯದಲ್ಲೇ ಹೊಟ್ಟೆ ಹೊರೆಯುವವರು.

ನನ್ನ ಪಾಲಿಗೆ ಬೀಳುವ ಈ ಪಾಠವನ್ನು ಮನೆ ಬಾಗಿಲಿಗೆ ತಂದ ಸಿನಿಮಾ ‘ಶಿವಮ್ಮ ಯರೇಹಂಚಿನಾಳ’. ಯಲಬುರ್ಗಾ ಸೀಮೆಯ ಯರೇಹಂಚಿನಾಳ ಎಂಬ ಖರೇ ಊರು, ಖರೇ ಊರಿನ ಮಂದಿ. ಜೈಶಂಕರ್ ಆರ್ಯರ್ ನಿರ್ದೇಶನ, ರಿಷಬ್ ಶೆಟ್ಟಿ ನಿರ್ಮಾಣ. ಶಿವಮ್ಮನಾಗಿ ನಟಿಸಿದ ಶರಣಮ್ಮ ಚೆಟ್ಟಿ ಅವರು ವೃತ್ತಿ ನಟಿಯೇ ಅಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು, 2024ರ ಜೂನ್‌ನಲ್ಲಿ ನಮ್ಮ ಟಾಕೀಸುಗಳಿಗೆ ಬಂತು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಬಡವಿ, ಹಾಸಿಗೆ ಹಿಡಿದ ಗಂಡ, ಸರಪಳಿ ವ್ಯಾಪಾರದ ಶಕ್ತಿಪೇಯ, ಅದಕ್ಕೆ ಸುರಿದ ದುಡ್ಡು. ಕುಡಿದರೆ ಗಂಡ ಎದ್ದು ಕೂರುತ್ತಾನೆ, ಮಾರಿದರೆ ಮನೆ ಎದ್ದು ನಿಲ್ಲುತ್ತದೆ ಎಂದು ಅವಳ ನಂಬಿಕೆ. ಊರವರು ಬೈದರೂ, ಬೀಗರು ಮುನಿದರೂ ಅವಳು ಬಿಡುವುದಿಲ್ಲ. ಸಿನಿಮಾ ಅವಳನ್ನು ದೇವಿ ಮಾಡುವುದಿಲ್ಲ, ಮೂರ್ಖಳನ್ನಾಗಿಯೂ ಮಾಡುವುದಿಲ್ಲ. ಅವಳು ಎಡವುವುದನ್ನು ಎಡವಿದಂತೆಯೇ ತೋರಿಸುತ್ತದೆ.

ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಶಿವಮ್ಮ ದುಡ್ಡು ಹೊಂದಿಸಲು ಓಡಾಡುವ ಹೊತ್ತಿಗೆ ಅವ್ವ ನನ್ನ ಕಡೆ ತಿರುಗಿದಳು. “ನಿನ್ನ ಕಥೀನ ತಗದಾರಲ್ಲೋ. ಅಕೀ ಗಂಡನ ಕಾಲು ನಡೀಲಿ ಅಂತ ಮಾಡಿದ್ಲು. ನೀ ಯಾಕ ಮಾಡ್ದಿ?” ಅಂದಳು. ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ನಾನು ಮಾಡಿದ್ದು ಹಾಡಿಗಾಗಿ ಅಲ್ಲ; ಹಾಡುಗಾರನಂತೆ ಕಾಣುವುದಕ್ಕಾಗಿ.

ಈಗ ನಾನು ಕೊಪ್ಪಳದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಸಂಘದ ಸಾಲ ತೀರಿದ್ದು ಇದರಿಂದಲೇ. ಎಡಿಟಿಂಗ್ ಟೇಬಲ್ಲಿಗೆ ಜಾನಪದ ಹಾಡಿನ ವಿಡಿಯೊಗಳೂ ಬರುತ್ತವೆ. ಟ್ರ್ಯಾಕ್ಟರಿನ ಟೇಪಿನಲ್ಲಿ, ಡಿಜೆಯಲ್ಲಿ ಕೇಳುತ್ತಿರುತ್ತೀರಲ್ಲ, ಅವೇ. ರಾಯಬಾಗ ಕಡೆಯ ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ಯಾವ ದೊಡ್ಡ ಕಂಪನಿಯ ಹಂಗಿಲ್ಲದೆ ಉತ್ತರ ಕರ್ನಾಟಕದ ಓಣಿ ಓಣಿ ಸುತ್ತಿತು. ಗಂಗಾವತಿ ಪ್ರಾಣೇಶರು ನಮ್ಮದೇ ಮಾತಿನಲ್ಲಿ, ನಮ್ಮದೇ ಪಜೀತಿಗಳನ್ನು ಹೇಳಿ ಕರ್ನಾಟಕವನ್ನೆಲ್ಲ ನಗಿಸುತ್ತ ಬಂದಿದ್ದಾರೆ. ಸ್ವತಂತ್ರ ಕಲಾವಿದ ಎಂಬ ದೊಡ್ಡ ಹೆಸರು ಇಲ್ಲದೆಯೇ ಇವರೆಲ್ಲ ಸ್ವತಂತ್ರರು. ನಾನು ಮಾತ್ರ ಆ ಹೆಸರು ಹಾಕಿಕೊಂಡು ತಾಳ, ಕಾರು, ಮಾತು ಎಲ್ಲವನ್ನೂ ಎರವಲು ತಂದಿದ್ದೆ.

ಅಂಗಡಿಗೆ ಕುಷ್ಟಗಿಯಿಂದ, ಯಲಬುರ್ಗಾದಿಂದ ರ‍್ಯಾಪ್ ಮಾಡುವ ಹುಡುಗರು ಬರುತ್ತಾರೆ. ಕೆಲವರು ನನಗಿಂತ ಎಷ್ಟೋ ಚೆನ್ನಾಗಿ ಬರೆಯುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಬೀಟನ್ನು ಲೀಸಿಗೆ ಕೊಳ್ಳಿ, ಕೊಂಡ ಕಾಗದವನ್ನು ಜೋಪಾನ ಇಡಿ. ಇಲ್ಲವೇ ನಿಮ್ಮೂರಿನ ಹಲಗೆಯವರನ್ನು ಕರೆದು ಅವರಿಗೆ ಸಲ್ಲಬೇಕಾದ ದುಡ್ಡು ಕೊಟ್ಟು ಬಾರಿಸಿ, ನಿಮ್ಮದೇ ತಾಳ ಮಾಡಿಕೊಳ್ಳಿ. ಹಾಡಿನ ಹಕ್ಕು ಯಾರಿಗಾದರೂ ಬರೆದುಕೊಡುವ ಮೊದಲು ಸಣ್ಣಕ್ಷರ ಓದಿ, ಓದಲು ಬರದಿದ್ದರೆ ಓದಿಸಿ ಕೇಳಿ. ಡ್ರೋನಿಗೆ ಕೊಡುವ ದುಡ್ಡಿನಲ್ಲಿ ಅರ್ಧವನ್ನಾದರೂ ಧ್ವನಿಮುದ್ರಣಕ್ಕೆ ಹಾಕಿ. ವಿಡಿಯೊ ಮಾಡುವ ಮೊದಲು ನಿಮ್ಮ ಹಾಡನ್ನು ಚಹಾದಂಗಡಿಯ ಮುಂದೆ, ಬೀಟಿಲ್ಲದೆ, ಚಷ್ಮಾ ಇಲ್ಲದೆ ನಿಂತು ಹೇಳಿ ನೋಡಿ. ನಡುವೆ ಮರೆತರೆ ಮರೆತೆನೆಂದು ಹೇಳಿ ಮುಂದೆ ಹೋಗಿ. ಜನ ನಕ್ಕರೆ ಜೊತೆಗೆ ನಗಿ. ನಿಮ್ಮನ್ನು ನೋಡಿ ನಗಲು ನಾಲ್ಕು ಜನ ಕೂತಿದ್ದಾರೆಂದರೆ ಕೇಳಲೂ ನಾಲ್ಕು ಜನ ಕೂತಿದ್ದಾರೆ ಎಂದೇ ಅರ್ಥ.

ಇನ್ನೊಂದು ಮಾತು. ಮೊದಲ ಹಾಡಿಗೆ ಅವ್ವನ ಸಂಘದ ಸಾಲ ಮುಟ್ಟಬೇಡಿ.